ಬೇಸ್‌ಮೆಂಟಿನಲ್ಲಿದ್ದ ಬಾಟಲಿಗಳಿಗೆ

ಮಾನ್ಯ 'ಎ' ಬಾಟಲಿಯವರಿಗೆ ಹಾಗೂ ಮಾನ್ಯ 'ಬಿ' ಬಾಟಲಿಯವರಿಗೆ ನಮಸ್ಕಾರಗಳು.

ತಮಗೆ ನನ್ನ ಪರಿಚಯವಿಲ್ಲ. ನಾನು ಕೋರ್ಟಿನ ನಿವೃತ್ತ ಗುಮಾಸ್ತ. ಸೇವೆಯ ಬಹುಭಾಗ ಮುದ್ದೆಮಾಲು ಕೋಣೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದವನು. ರಕ್ತ ಮೆತ್ತಿದ ಮಚ್ಚು, ಕಳ್ಳಭಟ್ಟಿಯ ಕ್ಯಾನು, ಕಿತ್ತ ಸರ, ಗಾಂಜಾ ಪೊಟ್ಟಣ, ಎಲ್ಲಕ್ಕೂ ನಂಬರು ಕೊಟ್ಟು, ಚೀಟಿ ಅಂಟಿಸಿ, ಅರಗಿನ ಮೊಹರು ಸರಿಯಿದೆಯೇ ಎಂದು ನೋಡಿ ಒಳಗಿಟ್ಟವನು. ಒಮ್ಮೆ ಕೋಳಿ ಅಂಕದ ಕೇಸಿನಲ್ಲಿ ಒಂದು ಹುಂಜವೂ ಬಂದಿತ್ತು. ಅದರ ಮುಂದೆ ಷರಾ ಕಾಲಂನಲ್ಲಿ ಕೊನೆಗೆ ಏನು ಬರೆಯಲಾಯಿತು ಎಂದು ದಯವಿಟ್ಟು ಕೇಳಬೇಡಿ.

ಆದ್ದರಿಂದ ಬಾಟಲಿಗೆ ಕಾಗದ ಬರೆಯುವುದು ನನಗೇನೂ ವಿಚಿತ್ರವಲ್ಲ. ನೌಕರಿಯುದ್ದಕ್ಕೂ ಸಾಕ್ಷಿದಾರರಿಗಿಂತ ಬಾಟಲಿಗಳ ಜೊತೆಗೇ ನನ್ನ ವ್ಯವಹಾರ ಹೆಚ್ಚು. ಸಾಕ್ಷಿದಾರರು ಕಟಕಟೆ ಹತ್ತಿದ ಮೇಲೆ ತಿರುಗಿ ಬೀಳುತ್ತಾರೆ. ಬಾಟಲಿ ಉರುಳಿ ಬಿದ್ದದ್ದುಂಟು, ತಿರುಗಿ ಬಿದ್ದದ್ದನ್ನು ನಾನು ಕಂಡಿಲ್ಲ.

ನಮ್ಮಿಬ್ಬರ ನಡುವೆ ಇನ್ನೊಂದು ನಂಟೂ ಇದೆ. 2011ರ ಸೆಪ್ಟೆಂಬರ್ ಕೊನೆಗೆ ನಾನು, ನನ್ನ ಹೆಂಡತಿ ಮಗಳ ಮನೆಗೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದಿಳಿದೆವು. ಮಿಲ್ವಾಕಿ ನಗರದಿಂದ ಅರ್ಧ ಗಂಟೆಯ ದಾರಿ. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಅಲ್ಲಿ ಬೇಸ್‌ಮೆಂಟಿನಲ್ಲಿ ವ್ಯವಸ್ಥೆ. ತಂಪಾಗಿರುತ್ತದೆ, ಭದ್ರವಾಗಿರುತ್ತದೆ, ಮೇಲಿನವರ ನಿದ್ದೆಗೆ ಭಂಗವಿಲ್ಲ. ಸುಮಾರು ಆರು ತಿಂಗಳು ನಮ್ಮನ್ನು ಅಲ್ಲಿ ಇಡಲಾಗಿತ್ತು. ಊರಿಗೆ ಮರಳಿದಾಗ ಒಬ್ಬರಾದರೂ ನಮ್ಮನ್ನು ನೋಡಿ, ಇವರು ಅಲ್ಲಿದ್ದು ಕೆಟ್ಟಿರಬಹುದು, ಯಾರೋ ನಡುವೆ ಬದಲಾಯಿಸಿರಬಹುದು ಎಂದು ಅನುಮಾನಪಡಲಿಲ್ಲ. ತಾವು ಬೇಸ್‌ಮೆಂಟಿನಲ್ಲಿ ಇದ್ದದ್ದು ಬರೀ 44 ಗಂಟೆ. ಅಷ್ಟಕ್ಕೇ ತಮ್ಮ ಮಾತು ನಡೆಯಲಿಲ್ಲ.

ಈ ಪತ್ರ ಬಹಿರಂಗ ಪತ್ರವಾದ್ದರಿಂದ, ನಡೆದದ್ದನ್ನು ನಮ್ಮ ಕಡೆಯ ಓದುಗರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. ತಾವು ಬೇಸರಪಡಬಾರದು.

ನನ್ನ ಅಳಿಯ ಮಿಲ್ವಾಕಿ ಬ್ರೂವರ್ಸ್ ತಂಡದ ಭಕ್ತ. ಬೇಸ್‌ಬಾಲ್‌ನಲ್ಲಿ ನನಗೆ ಅರ್ಥವಾದದ್ದು ಇಷ್ಟೇ: ಓಡುವುದಕ್ಕಿಂತ ಉಗುಳುವುದು ಹೆಚ್ಚು, ಆದರೂ ಕೊನೆಗೆ ಯಾರೋ ಗೆಲ್ಲುತ್ತಾರೆ. ಆ ತಂಡದಲ್ಲಿ ಎಡ ಮೈದಾನ ಕಾಯುವ ಎಂಟನೇ ನಂಬರಿನ ಹುಡುಗ ರಯಾನ್ ಬ್ರಾನ್. ಆ ವರ್ಷ 33 ಹೋಮ್ ರನ್ ಹೊಡೆದಿದ್ದ. ಅದೇ ಏಪ್ರಿಲ್‌ನಲ್ಲಿ ತಂಡದವರು ಅವನ ಕರಾರನ್ನು ಇನ್ನೂ ಐದು ವರ್ಷ ಮುಂದುವರಿಸಿ 10.5 ಕೋಟಿ ಡಾಲರ್ ಬರೆದುಕೊಟ್ಟಿದ್ದರು. ಅಳಿಯನ ಮನೆಯ ದೇವರ ಗೂಡಿನಲ್ಲಿ ಅವನ ಫೋಟೋ ಇರಲಿಲ್ಲ ನಿಜ, ಆದರೆ ಫ್ರಿಜ್ಜಿನ ಬಾಗಿಲ ಮೇಲೆ ಇತ್ತು. ಆ ಮನೆಯಲ್ಲಿ ದಿನಕ್ಕೆ ಹೆಚ್ಚು ಸಲ ತೆರೆಯುತ್ತಿದ್ದುದು ಅದೇ ಬಾಗಿಲು.

2011ರ ಅಕ್ಟೋಬರ್ 1, ಶನಿವಾರ. ಮಿಲ್ಲರ್ ಪಾರ್ಕ್ ಮೈದಾನದಲ್ಲಿ ನಾಕೌಟ್ ಸರಣಿಯ ಮೊದಲ ಪಂದ್ಯ, ಎದುರಾಳಿ ಅರಿಜೋನಾ. ಬ್ರೂವರ್ಸ್ 4–1ರಿಂದ ಗೆದ್ದರು. ಅದಾದ ಮೇಲೆ ತಮ್ಮ ಜನನ. ಒಂದೇ ಮೂತ್ರ, ಎರಡು ಬಾಟಲಿ. ಬಾಟಲಿಗೆ ಮೊಹರು, ಅದನ್ನು ಹಾಕಿದ ಚೀಲಕ್ಕೆ ಮೊಹರು, ಚೀಲವಿಟ್ಟ ಡಬ್ಬಕ್ಕೆ ಮೊಹರು. ಎಲ್ಲ ಸರಿಯಿದೆಯೆಂದು ಆಟಗಾರನ ಸಹಿ. ನಮ್ಮ ಪೊಲೀಸರು ಮಹಜರಿಗೆ ಪಂಚರನ್ನು ಹುಡುಕಲು ಹೋಟೆಲಿನ ಮಾಣಿಯನ್ನೇ ಎಳೆದು ತರುತ್ತಿದ್ದ ಕಾಲ ನೋಡಿದವನಿಗೆ, ಆರೋಪಿಯಿಂದಲೇ ಸಹಿ ಮಾಡಿಸಿಕೊಂಡ ಆ ಕಾಗದ ನೋಡಿ ಕಣ್ಣು ತುಂಬಿ ಬರಬೇಕು.

ಮಾದರಿ ಸಂಗ್ರಹಿಸಿದವರು ಅದನ್ನು ಕೆನಡಾದ ಮಾಂಟ್ರಿಯಲ್ ಪ್ರಯೋಗಾಲಯಕ್ಕೆ ಫೆಡೆಕ್ಸ್ ಕೊರಿಯರ್ ಮೂಲಕ ಕಳುಹಿಸಬೇಕಿತ್ತು. ಶನಿವಾರ ಸಂಜೆ ಕೊಟ್ಟರೂ ಸೋಮವಾರದವರೆಗೆ ಅದು ಊರು ಬಿಡುವುದಿಲ್ಲ, ಕೊರಿಯರ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುವುದಕ್ಕಿಂತ ನನ್ನ ಮನೆಯಲ್ಲೇ ಇರಲಿ ಎಂದು ಅವರು ಲೆಕ್ಕ ಹಾಕಿದರು. ಮನೆಗೆ ತಂದು ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟರು. ಭಾನುವಾರ ಬ್ರೂವರ್ಸ್ ಎರಡನೇ ಪಂದ್ಯವನ್ನೂ 9–4ರಿಂದ ಗೆದ್ದರು. ಮೇಲೆ ಊರೆಲ್ಲ ಕುಣಿಯುತ್ತಿರುವಾಗ ತಾವು ಕೆಳಗೆ ಕತ್ತಲಲ್ಲಿ ಕೂತಿದ್ದಿರಿ. ಹೆಚ್ಚು ದೂರವಿಲ್ಲದ ಇನ್ನೊಂದು ಬೇಸ್‌ಮೆಂಟಿನಲ್ಲಿ ನಾನೂ ಕಂಬಳಿ ಹೊದ್ದು ಕೂತಿದ್ದೆ. ಸೋಮವಾರ ಮಧ್ಯಾಹ್ನ ತಮ್ಮ ಪ್ರಯಾಣ ಶುರುವಾಯಿತು. ಮಾಂಟ್ರಿಯಲ್ ತಲುಪಿದಾಗ ಮೂರೂ ಮೊಹರು ಹಾಗೇ ಇದ್ದವು. ಅಂದಹಾಗೆ, ಅದೇ ದಿನ ಇನ್ನಿಬ್ಬರು ಆಟಗಾರರಿಂದಲೂ ಮಾದರಿ ಪಡೆದಿದ್ದರು. ಆ ಬಾಟಲಿಗಳನ್ನು ಸಂಗ್ರಹಿಸಿದವರೂ ಅವರೇ. ಅವುಗಳ ಮೇಲೆ ಯಾರೂ ಅನುಮಾನಪಡಲಿಲ್ಲ, ಅವುಗಳ ಮೇಲೆ ಅನುಮಾನಪಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಪ್ರಯೋಗಾಲಯದಲ್ಲಿ ತಾವು ಬಾಯಿಬಿಟ್ಟಿರಿ. ಗಂಡಸಿನ ಮೂತ್ರದಲ್ಲಿ ಟೆಸ್ಟೋಸ್ಟಿರಾನ್ ಇರುತ್ತದೆ, ಅದರ ಪಕ್ಕದಲ್ಲೇ ಎಪಿಟೆಸ್ಟೋಸ್ಟಿರಾನ್ ಎಂಬ ದಾಯಾದಿಯೂ ಇರುತ್ತದೆ. ಸಾಮಾನ್ಯವಾಗಿ ಇಬ್ಬರದೂ ಸರಿಸುಮಾರು ಸಮಪಾಲು. ಹೊರಗಿನಿಂದ ಟೆಸ್ಟೋಸ್ಟಿರಾನ್ ತೆಗೆದುಕೊಂಡರೆ ಒಬ್ಬ ಕೊಬ್ಬುತ್ತಾನೆ, ದಾಯಾದಿ ಅಲ್ಲೇ ಉಳಿಯುತ್ತಾನೆ. ನಾಲ್ಕಕ್ಕೆ ಒಂದು ದಾಟಿದರೆ ಅನುಮಾನ. ತಮ್ಮದು ಇಪ್ಪತ್ತಕ್ಕೆ ಒಂದನ್ನೂ ಮೀರಿತ್ತು ಎಂದು ಪತ್ರಿಕೆಗಳು ಬರೆದವು. ಇಷ್ಟಕ್ಕೇ ಬಿಡದೆ ಕಾರ್ಬನ್ ಪರೀಕ್ಷೆಯನ್ನೂ ಮಾಡುತ್ತಾರೆ. ಕಾರ್ಖಾನೆಯ ಟೆಸ್ಟೋಸ್ಟಿರಾನ್ ಸಾಮಾನ್ಯವಾಗಿ ಸೋಯಾದಂಥ ಗಿಡಗಳ ಮೂಲದ್ದು, ಅದರ ಕಾರ್ಬನ್ನಿನ ಗುರುತೇ ಬೇರೆ. ಬೇಸ್‌ಮೆಂಟಿನಲ್ಲಿ ಮೂತ್ರ ಹಳಸಬಹುದು, ವಾಸನೆ ಬರಬಹುದು. ಆದರೆ ಮೊಹರು ಹಾಕಿದ ಬಾಟಲಿಯೊಳಗೆ ಎರಡು ರಾತ್ರಿಯಲ್ಲಿ ಸೋಯಾ ಬೆಳೆಯುವುದಿಲ್ಲ. ಇದು ನಮ್ಮ ಕಡೆ ಸೊಪ್ಪು ಬೆಳೆಯುವವರಿಗೂ ಗೊತ್ತು.

ನವೆಂಬರ್‌ನಲ್ಲಿ ಬ್ರಾನ್ ನ್ಯಾಷನಲ್ ಲೀಗಿನ ವರ್ಷದ ಅತ್ಯಮೂಲ್ಯ ಆಟಗಾರ ಎಂದು ಘೋಷಣೆಯಾಯಿತು. ಅವನಿಗೆ 388 ಅಂಕ, ಎರಡನೇ ಸ್ಥಾನದಲ್ಲಿದ್ದ ಮ್ಯಾಟ್ ಕೆಂಪ್‌ಗೆ 332. ಡಿಸೆಂಬರ್ 10ರಂದು ಇಎಸ್‌ಪಿಎನ್ ತಮ್ಮ ಸುದ್ದಿಯನ್ನು ಬಯಲು ಮಾಡಿತು. ಅಂದು ಅಳಿಯ ಊಟ ಮಾಡಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆಯುವಾಗ ಫೋಟೋ ಕಡೆ ನೋಡದೆ ತೆರೆಯುತ್ತಿದ್ದ.

ಶಿಕ್ಷೆ 50 ಪಂದ್ಯಗಳ ನಿಷೇಧ. ಬ್ರಾನ್ ಮೇಲ್ಮನವಿ ಹಾಕಿದ. ಅಲ್ಲಿನ ಪದ್ಧತಿಯಲ್ಲಿ ಪಂಚಾಯಿತಿಗೆ ಮೂವರು: ಆಡಳಿತದ ಕಡೆಯವರು ಒಬ್ಬರು, ಆಟಗಾರರ ಸಂಘದ ಕಡೆಯವರು ಒಬ್ಬರು, ಇಬ್ಬರಿಗೂ ಸೇರದವರು ಒಬ್ಬರು. ಮೊದಲಿಬ್ಬರು ಯಾರ ಪರ ಎಂಬುದನ್ನು ಅವರ ಕುರ್ಚಿಯೇ ಹೇಳುತ್ತದೆ, ಹಾಗಾಗಿ ತೀರ್ಪು ಎಂದರೆ ಮೂರನೆಯವರದೇ. ಆ ಮೂರನೆಯವರ ಹೆಸರು ಶ್ಯಾಮ್ ದಾಸ್. ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿಗೆ ಬೇಸ್‌ಬಾಲ್‌ನಲ್ಲಿ ಆಸಕ್ತಿ ಹುಟ್ಟಿತು. "ದಾಸರು ಏನಂದರು?" ಎಂದು ದಿನಾ ಸಂಜೆ ಅಳಿಯನನ್ನು ಕೇಳುತ್ತಿದ್ದಳು. ದಾಸರು ಅಂದಮೇಲೆ ಅನ್ಯಾಯ ಆಗುವುದಿಲ್ಲ ಎಂಬುದು ಅವಳ ನಂಬಿಕೆ.

2012ರ ಫೆಬ್ರವರಿ 23ರಂದು ದಾಸರು ನಿಷೇಧವನ್ನು ರದ್ದು ಮಾಡಿದರು. ದೊಡ್ಡ ಲೀಗಿನ ಆಟಗಾರನೊಬ್ಬ ಇಂಥ ಮೇಲ್ಮನವಿಯಲ್ಲಿ ಗೆದ್ದ ಸುದ್ದಿ ಅದಕ್ಕೆ ಮೊದಲು ಹೊರಬಂದಿರಲಿಲ್ಲ. ಗೆಲ್ಲಿಸಿದ್ದು ವಿಜ್ಞಾನವಲ್ಲ, ಒಂದು ಸಾಲು. ವಿಶೇಷ ಕಾರಣವಿಲ್ಲದಿದ್ದರೆ ಮಾದರಿಯನ್ನು ಸಂಗ್ರಹಿಸಿದ ದಿನವೇ ಕೊರಿಯರ್‌ಗೆ ಕೊಡಬೇಕು ಎಂಬರ್ಥದ ಸಾಲು. ಹತ್ತಿರದಲ್ಲೇ ತೆರೆದಿದ್ದ ಫೆಡೆಕ್ಸ್ ಅಂಗಡಿಗಳಿದ್ದವು ಎಂದು ಆಟಗಾರನ ಕಡೆಯವರು ತೋರಿಸಿದರು. ಅಷ್ಟೇ.

ಬಾಟಲಿಯವರೇ, ಇಲ್ಲಿ ತಮಗೆ ನೋವಾಗುವ ಒಂದು ಮಾತು ಹೇಳಬೇಕು. ದಾಸರ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಅಂದು ಬೇಸ್‌ಬಾಲ್ ಆಡಳಿತ ಸಿಟ್ಟಿನಿಂದ ಹೇಳಿಕೆ ಹೊರಡಿಸಿತು, ಪತ್ರಿಕೆಗಳು ಇದನ್ನು ತಾಂತ್ರಿಕ ನುಸುಳುದಾರಿ ಎಂದವು. ಆ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಹೊಟ್ಟೆ ಹೊರೆದದ್ದೇ ಆ ತಾಂತ್ರಿಕತೆಯಿಂದ. ರಿಜಿಸ್ಟರಿನಲ್ಲಿ ತಾರೀಖು ಯಾಕೆ ಬರೆಯುತ್ತೇವೆ? ಮೊಹರಿನ ನಮೂನೆಯನ್ನು ಬೇರೆ ಕಾಗದದ ಮೇಲೆ ಯಾಕೆ ಒತ್ತುತ್ತೇವೆ? ಇವತ್ತು ಬಾಟಲಿ ನಿಜ ಹೇಳುತ್ತಿದೆ ಎಂದು ತಾರೀಖನ್ನು ಮಾಫಿ ಮಾಡಿದರೆ, ನಾಳೆ ಸುಳ್ಳು ಹೇಳುವ ಬಾಟಲಿಗೂ ಅದೇ ಮಾಫಿ ಸಿಗುತ್ತದೆ.

ಒಂದು ಗಾಂಜಾ ಕೇಸು ನೆನಪಾಗುತ್ತದೆ. ಲ್ಯಾಬಿಗೆ ಹೋಗಬೇಕಾದ ಸ್ಯಾಂಪಲ್ ನನ್ನ ಕೋಣೆಯಲ್ಲೇ ಆರು ದಿನ ಕೂತಿತು. ನಡುವೆ ಗೌರಿ ಗಣೇಶ ಹಬ್ಬ, ಆಮೇಲೆ ಭಾನುವಾರ, ಆಮೇಲೆ ನನ್ನ ಹೊಟ್ಟೆನೋವು. ಲ್ಯಾಬಿನ ವರದಿ ಗಾಂಜಾ ಎಂದೇ ಬಂತು. ವಕೀಲರು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಆ ಆರು ದಿನದ ಲೆಕ್ಕ ಕೇಳಿದರು. ಹೊಟ್ಟೆನೋವಿಗೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಆರೋಪಿಗೆ ಸಂಶಯದ ಲಾಭ ಸಿಕ್ಕಿತು. ತೀರ್ಪಿನ ದಿನ ಆತ ಮೆಟ್ಟಿಲಿಳಿದು ಬಂದು ನನ್ನ ಕಿಟಕಿಯ ಮುಂದೆ ಒಂದು ನಿಮಿಷ ನಿಂತ. "ಸ್ವಾಮಿ, ಹಬ್ಬ ಬಂದದ್ದು ಒಳ್ಳೇದಾಯ್ತು" ಎಂದ. ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ಹೋದ. ಸಂಶಯದ ಲಾಭ ಪಡೆದವರ ಸಭ್ಯತೆ ಎಂದರೆ ಅದು. ತಾನು ನಿರಪರಾಧಿ ಎಂದು ಆತ ಒಂದು ಮಾತು ಆಡಲಿಲ್ಲ. ನನ್ನ ಹೊಟ್ಟೆನೋವಿನ ಹಿಂದೆ ಯಾರ ಕೈವಾಡವಿದೆ ಎಂದೂ ಕೇಳಲಿಲ್ಲ.

ಬ್ರಾನ್ ಬಸ್ ಹತ್ತಲಿಲ್ಲ. ಮರುದಿನವೇ ಅರಿಜೋನಾದ ಅಭ್ಯಾಸ ಮೈದಾನದ ಹುಲ್ಲಿನ ಮೇಲೆ ಮೈಕುಗಳ ಮುಂದೆ ನಿಂತ. ಈ ವಸ್ತು ನನ್ನ ಮೈಯೊಳಗೆ ಎಂದೂ ಹೊಕ್ಕಿಲ್ಲ, ಬೇಕಾದರೆ ಜೀವವನ್ನೇ ಪಣಕ್ಕಿಡುತ್ತೇನೆ ಎಂದ. ಸತ್ಯಕ್ಕೆ ಜಯ ಸಿಕ್ಕಿದೆ ಎಂದ. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವವರಲ್ಲಿ ನಾನೇ ಮೊದಲಿಗ ಎಂದ. ಆ ಸಂಗ್ರಹಕಾರರ ಬಗ್ಗೆ ನಮಗೆ ಕೆಲವು ವಿಷಯಗಳು ತಿಳಿದುಬಂದಿವೆ ಎಂದು ಹೇಳಿ, ಆ ವಿಷಯಗಳು ಏನೆಂದು ಹೇಳದೆ, ಊರೆಲ್ಲ ಆ ಮನುಷ್ಯನ ಮನೆಯ ಕಡೆ ತಿರುಗಿ ನೋಡುವ ಹಾಗೆ ಮಾಡಿದ. ಟಿವಿ ಮುಂದೆ ಅಳಿಯ ಕಣ್ಣೊರೆಸಿಕೊಂಡ. ನಾನು ಗಟ್ಟಿಯಾಗಿ, "ದಾಸರು ತಾರೀಖು ತಪ್ಪಿದೆ ಅಂದಿದ್ದು, ಬಾಟಲಿ ತಪ್ಪು ಅಂದಿಲ್ಲ" ಎಂದೆ. "ಮಾವ, ನಿಮಗೆ ಬೇಸ್‌ಬಾಲ್ ಗೊತ್ತಾಗಲ್ಲ ಬಿಡಿ" ಎಂದ. ಅಂದು ರಾತ್ರಿ ಚಪಾತಿ ಸ್ವಲ್ಪ ಗಟ್ಟಿಯಾಗಿತ್ತು.

ಸಂಗ್ರಹಕಾರರು ಕೆಲವು ದಿನ ಬಿಟ್ಟು ಒಂದು ಹೇಳಿಕೆ ಕೊಟ್ಟರು. ಹೇಗೆ ಮೊಹರು ಹಾಕಿದೆ, ಎಲ್ಲಿಟ್ಟೆ, ಯಾವಾಗ ಕಳುಹಿಸಿದೆ ಎಂಬ ಒಣ ವಿವರ. ನಮ್ಮ ಗುಮಾಸ್ತರ ಭಾಷೆಯೇ. ಓದಿ ನನಗೆ ಅಣ್ಣತಮ್ಮನ ಕಾಗದ ಬಂದಂತಾಯಿತು. ಜೀವ ಪಣಕ್ಕಿಡುತ್ತೇನೆ ಎಂಬ ಒಂದು ವಾಕ್ಯವೂ ಅದರಲ್ಲಿ ಇರಲಿಲ್ಲವಾದ್ದರಿಂದ ಯಾರೂ ಅದನ್ನು ನಂಬುವ ಗೋಜಿಗೆ ಹೋಗಲಿಲ್ಲ. ವಿಸ್ಕಾನ್ಸಿನ್‌ನ ಇನ್ನೊಬ್ಬ ಆರಾಧ್ಯದೈವ, ಅಲ್ಲಿನ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ನ ಆರನ್ ರಾಜರ್ಸ್, ಗೆಳೆಯ ಬ್ರಾನ್‌ನ ಪರವಾಗಿ ಟ್ವಿಟರ್‌ನಲ್ಲಿ ತನ್ನ ಒಂದು ವರ್ಷದ ಸಂಬಳವನ್ನೇ ಪಣಕ್ಕಿಟ್ಟ. ಆ ಚಳಿಗಾಲದಲ್ಲಿ ಆ ರಾಜ್ಯದಲ್ಲಿ ಪಣಕ್ಕಿಡದೆ ಉಳಿದದ್ದು ನಮ್ಮ ಮನೆಯ ಪ್ರೆಶರ್ ಕುಕ್ಕರ್ ಒಂದೇ.

ಎಲ್ಲ ಬಾಟಲಿಗಳಿಗೂ ದಾಸರು ಸಿಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅದೇ 2011ರಲ್ಲಿ ನಮ್ಮ ಉಡುಪಿ ಜಿಲ್ಲೆಯ ಸಿದ್ದಾಪುರದ ಹುಡುಗಿ ಅಶ್ವಿನಿ ಅಕ್ಕುಂಜಿಯ ಬಾಟಲಿಯೂ ಮಾತಾಡಿತು. ಹಿಂದಿನ ವರ್ಷವಷ್ಟೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದವಳು. ಬಾಟಲಿ ಸುಳ್ಳು ಎಂದು ಅವಳ ಕಡೆಯವರು ವಾದಿಸಲಿಲ್ಲ. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದದ್ದು ಎಂದರು. ಇಲ್ಲಿನ ಸಮಿತಿ ಡಿಸೆಂಬರ್‌ನಲ್ಲಿ ಒಂದು ವರ್ಷ ನಿಷೇಧಿಸಿತು, ಮರುವರ್ಷ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಓಟಗಾರರ ಲೋಕದ ಕಾಯಿದೆ ಅದು: ಮೈಯಲ್ಲಿ ಸಿಕ್ಕರೆ ಹೊಣೆ ನಿನ್ನದೇ. ಅವರಿಗೆ ಆಡಳಿತದ ಜೊತೆ ಮೇಜಿನಲ್ಲಿ ಎದುರುಬದುರು ಕೂತು ನಿಯಮದ ಒಂದೊಂದು ಸಾಲನ್ನೂ ಚೌಕಾಸಿ ಮಾಡುವ ಸಂಘವಿಲ್ಲ. ಬೇಸ್‌ಬಾಲ್ ಆಟಗಾರರಿಗಿದೆ. ಆ ಚೌಕಾಸಿಯಿಂದ ಹುಟ್ಟಿದ ಸಾಲೇ ಬ್ರಾನ್‌ನನ್ನು ಕಾಪಾಡಿದ್ದು. ಸಂಘ ಇರುವುದು ತಪ್ಪು ಎನ್ನುತ್ತಿಲ್ಲ. ನಾನೂ ನೌಕರರ ಸಂಘಕ್ಕೆ ಚಂದಾ ಕಟ್ಟಿದವನೇ.

2012ರ ಮೇ ತಿಂಗಳಲ್ಲಿ ಒಬ್ಬರ ಕೆಲಸ ಹೋಯಿತು. ಬ್ರಾನ್‌ನದಲ್ಲ, ದಾಸರದು. 1999ರಿಂದ ಪಂಚಾಯಿತಿ ನಡೆಸಿದವರನ್ನು ಬೇಸ್‌ಬಾಲ್ ಆಡಳಿತ ಮನೆಗೆ ಕಳುಹಿಸಿತು. ಸಾಲನ್ನು ಬರೆದವರು ಉಳಿದರು, ಓದಿದವರು ಹೋದರು. ಆ ಹೊತ್ತಿಗೆ ನಾವು ಊರಿಗೆ ಬಂದಾಗಿತ್ತು. ಫೋನಿನಲ್ಲಿ ವಿಷಯ ಕೇಳಿದ ಹೆಂಡತಿ, "ದಾಸರಿಗೇ ಹೀಗಾಯ್ತೇ!" ಎಂದು ಅಂದಿನಿಂದ ಬೇಸ್‌ಬಾಲ್ ಬಿಟ್ಟಳು.

ಇನ್ನು ಮುಂದಿನದು ತಮಗೆ ಖುಷಿ ಕೊಡುವ ಭಾಗ. 2013ರ ಜನವರಿಯಲ್ಲಿ ಮಯಾಮಿಯ ಒಂದು ವಾರಪತ್ರಿಕೆ, ಪಕ್ಕದ ಕೋರಲ್ ಗೇಬಲ್ಸ್‌ನಲ್ಲಿ ಬಯೋಜೆನೆಸಿಸ್ ಎಂಬ ಕ್ಲಿನಿಕ್ ಆಟಗಾರರಿಗೆ ನಿಷಿದ್ಧ ಮದ್ದು ಹಂಚುತ್ತಿದ್ದ ಕಥೆಯನ್ನು ಕಡತಗಳ ಸಮೇತ ಬಯಲು ಮಾಡಿತು. ಅದರ ಯಜಮಾನ ಆಂಥನಿ ಬಾಶ್ ಲೈಸೆನ್ಸಿಲ್ಲದ ವೈದ್ಯ. ಕೆಲವೇ ದಿನದಲ್ಲಿ ಆ ಕಡತಗಳಲ್ಲಿ ಬ್ರಾನ್ ಹೆಸರೂ ಕಂಡಿತು. ಬ್ರಾನ್ ಕೊಟ್ಟ ವಿವರಣೆಯನ್ನು ತಾವು ಆಸನದಲ್ಲಿ ಭದ್ರವಾಗಿ ಕೂತು ಓದಬೇಕು: ಹೆಸರಿರುವುದು ನಿಜ, ಆದರೆ ಅದು ಮದ್ದಿನ ಲೆಕ್ಕವಲ್ಲ. ನನ್ನ ಮೇಲ್ಮನವಿಯ ಸಮಯದಲ್ಲಿ ನನ್ನ ವಕೀಲರು ಮೂತ್ರದ ಆ ಅನುಪಾತದ ಬಗ್ಗೆ, ಮಾದರಿಯನ್ನು ಕೆಡಿಸುವ ಸಾಧ್ಯತೆಗಳ ಬಗ್ಗೆ ಆತನಿಂದ ಸಲಹೆ ಪಡೆದಿದ್ದರು. ಆ ಫೀಸಿನ ತಕರಾರು ಅದು.

ಅಂದರೆ ತಮ್ಮ ಮೇಲಿನ ಆಪಾದನೆಗೆ ತಜ್ಞ ಸಲಹೆಗಾರ ಯಾರು ಎಂದರೆ, ಮದ್ದು ಮಾರುವವ. ಕಳ್ಳಭಟ್ಟಿ ಕೇಸಿನಲ್ಲಿ ಸ್ಯಾಂಪಲ್ ಹೇಗೆ ಕೆಡುತ್ತದೆ ಎಂದು ಭಟ್ಟಿ ಇಳಿಸುವವನನ್ನೇ ಕೇಳಿದ ಹಾಗೆ. ನನ್ನ ಅಷ್ಟು ವರ್ಷಗಳ ನೌಕರಿಯಲ್ಲಿ ಇಷ್ಟು ಸೊಗಸಾದ ಸಮಜಾಯಿಷಿಯನ್ನು ಯಾವ ವಕೀಲರ ಬಾಯಲ್ಲೂ ಕೇಳಲಿಲ್ಲ.

ಜುಲೈ 22ರಂದು ಬ್ರಾನ್ ತಕರಾರಿಲ್ಲದೆ ಋತುವಿನ ಉಳಿದ 65 ಪಂದ್ಯಗಳ ನಿಷೇಧವನ್ನು ಒಪ್ಪಿಕೊಂಡ. ಮೂವತ್ತು ಲಕ್ಷ ಡಾಲರಿಗೂ ಹೆಚ್ಚಿನ ಸಂಬಳ ಹೋಯಿತು. ಎರಡು ವಾರದ ನಂತರ ಅದೇ ಕ್ಲಿನಿಕ್ಕಿನ ನಂಟಿಗಾಗಿ ಅಲೆಕ್ಸ್ ರಾಡ್ರಿಗೆಸ್ ಸೇರಿ ಇನ್ನಷ್ಟು ಆಟಗಾರರಿಗೆ ಶಿಕ್ಷೆಯಾಯಿತು. ಅದು ಬೇರೆಯೇ ಪುರಾಣ, ಬಿಡಿ. ಆಗಸ್ಟ್ 22ರಂದು ಬ್ರಾನ್ ಹೇಳಿಕೆ ಹೊರಡಿಸಿದ: 2011ರ ಋತುವಿನ ಕೊನೆಯ ಭಾಗದಲ್ಲಿ ಗಾಯ ಬೇಗ ವಾಸಿಯಾಗಲೆಂದು ಒಂದು ಕ್ರೀಮು ಹಚ್ಚಿಕೊಂಡಿದ್ದೆ, ಒಂದು ಚೀಪುವ ಗುಳಿಗೆ ತೆಗೆದುಕೊಂಡಿದ್ದೆ. ಒಪ್ಪಿಕೊಳ್ಳುವವರಲ್ಲಿ ಮೊದಲಿಗನಾಗುತ್ತೇನೆ ಎಂದವನು ಕೊನೆಗೂ ಒಪ್ಪಿಕೊಂಡ. ಕ್ಯೂನಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು ಅಷ್ಟೇ. ತಾವಿಬ್ಬರು.

ಆ ಹೇಳಿಕೆಯಲ್ಲಿ ಕ್ಷಮೆಯ ಪಟ್ಟಿ ಉದ್ದವಿತ್ತು. ಸಹ ಆಟಗಾರರು, ತಂಡ, ಅಭಿಮಾನಿಗಳು, ಕೊನೆಗೆ ಆ ಸಂಗ್ರಹಕಾರರನ್ನೂ ಹೆಸರಿಸಿ ಕ್ಷಮೆ ಕೇಳಿದ್ದ. ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಪಟ್ಟಿಯನ್ನು ನಾನು ಎರಡು ಸಲ ಓದಿದೆ, ಹಳೆಯ ಅಭ್ಯಾಸದಂತೆ ಬೆರಳಿಟ್ಟು ಓದಿದೆ. ತಮ್ಮ ಹೆಸರಿರಲಿಲ್ಲ. ಆ ಬಿಟ್ಟುಹೋದ ನಮೂದನ್ನು ತುಂಬುವುದಕ್ಕಾಗಿಯೇ ಈ ಪತ್ರ.

ಅಳಿಯ ಅಂದು ರಾತ್ರಿ ಫೋನ್ ಮಾಡಿದ್ದ. ಊರಿನ ಮಳೆ ಕೇಳಿದ, ನನ್ನ ಸಕ್ಕರೆ ಎಷ್ಟಿದೆ ಕೇಳಿದ, ಮಂಡಿನೋವು ಕೇಳಿದ. ಬೇಸ್‌ಬಾಲ್ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋನ್ ಇಡುವಾಗ ಮಾತ್ರ, "ಫ್ರಿಜ್ ಹೊಸದು ತಗೊಂಡ್ವಿ ಮಾವ" ಎಂದ.

ಅತ್ಯಮೂಲ್ಯ ಆಟಗಾರನ ಪ್ರಶಸ್ತಿ ಇಂದಿಗೂ ಬ್ರಾನ್ ಹೆಸರಲ್ಲೇ ಇದೆ. ಕೆಂಪ್ ಎರಡನೆಯವನಾಗಿಯೇ ಉಳಿದ. 2014ರಲ್ಲಿ ಬ್ರಾನ್ ಮೈದಾನಕ್ಕೆ ಮರಳಿದಾಗ ಮಿಲ್ವಾಕಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 352 ಹೋಮ್ ರನ್ ಹೊಡೆದು 2021ರಲ್ಲಿ ನಿವೃತ್ತಿ ಪ್ರಕಟಿಸಿದ. ತನ್ನ ತಂಡದ ಹುಡುಗ ಎಂದಮೇಲೆ ಯಾವ ಊರು ತಾನೇ ಬಾಟಲಿಯ ಕಡೆ ಸೇರುತ್ತದೆ?

ಈಗ ತಮ್ಮ ಕ್ಷೇಮ ಸಮಾಚಾರ. ನಮ್ಮಲ್ಲಿ ತೀರ್ಪಿನ ಕೊನೆಯ ಪ್ಯಾರಾದಲ್ಲಿ ಒಂದು ಕಾಯಂ ಸಾಲಿರುತ್ತದೆ: ಮುದ್ದೆಮಾಲು ಬೆಲೆಬಾಳದ್ದರಿಂದ ಅಪೀಲು ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು. ಚಿನ್ನವಾದರೆ ವಾರಸುದಾರರಿಗೆ, ದುಡ್ಡಾದರೆ ಸರ್ಕಾರಕ್ಕೆ, ಬಾಟಲಿಯಾದರೆ ಹಿತ್ತಲಿಗೆ. ಜವಾನ ಅವನ್ನು ಒಂದೊಂದಾಗಿ ಒಡೆಯುತ್ತಿದ್ದರೆ ನಾನು ಪಕ್ಕದಲ್ಲಿ ರಿಜಿಸ್ಟರು ಹಿಡಿದು ಗೆರೆ ಎಳೆಯುತ್ತಿದ್ದೆ. ತಮಗೂ ಆ ಗತಿಯಾಗಿದ್ದರೆ ಈ ಪತ್ರ ವಿಳಾಸದಾರರಿಲ್ಲ ಎಂದು ಹಿಂತಿರುಗಲಿ. ಹಾಗಲ್ಲದೆ ಮಾಂಟ್ರಿಯಲ್‌ನ ಯಾವುದಾದರೂ ಶೈತ್ಯಾಗಾರದ ಮೂಲೆಯಲ್ಲಿ ಮೊಹರಿನ ಚೂರು ಕೊರಳಲ್ಲಿ ಉಳಿಸಿಕೊಂಡು ಕೂತಿದ್ದರೆ, ತಮ್ಮ ನಂಬರನ್ನೊಮ್ಮೆ ತಿಳಿಸುವುದು. ನನ್ನ ಹಳೇ ರಿಜಿಸ್ಟರಿನ ಕೊನೆಯ ಪುಟದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುದ್ದೆಮಾಲು ಗುಮಾಸ್ತ

ತಾ.ಕ.: ಮಗಳು ಮತ್ತೆ ಬರಲು ಕರೆದಿದ್ದಾಳೆ. ಈ ಸಲ ಮಹಡಿ ಮೇಲಿನ ಕೋಣೆ ಕೊಡುತ್ತೇವೆ ಎಂದು ಅಳಿಯನೇ ಹೇಳಿದ. ಬೇಡ, ಬೇಸ್‌ಮೆಂಟೇ ಇರಲಿ ಎಂದಿದ್ದೇನೆ.